ಗೀರಿನಿಂದ ಸ್ಕೋರಿಗೆ



ಕ್ರಿಕೆಟ್ ಪಂದ್ಯ ನಡೆಯುವಾಗ ‘ಸ್ಕೋರ್ ಎಷ್ಟು?’ ಎಂದು ಕೇಳದವರು ನಮ್ಮಲ್ಲಿ ವಿರಳ. ಆದರೆ ಈ ಪದ ಮೈದಾನಕ್ಕೆ ಬಂದದ್ದು ತೀರ ತಡವಾಗಿ. ಅದಕ್ಕೂ ಮುಂಚೆ ಅದು ಇಂಗ್ಲೆಂಡಿನ ಹೆಂಡದಂಗಡಿಗಳಲ್ಲಿ ಶತಮಾನಗಳ ಕಾಲ ಸಾಲದ ಲೆಕ್ಕವಾಗಿ ಬಾಳಿತ್ತು.

ಮೂಲದಲ್ಲಿ ಇದು ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದವರ ಮಾತು. ಪ್ರಾಚೀನ ನಾರ್ಸ್ ಭಾಷೆಯಲ್ಲಿ ‘ಸ್ಕೋರ್’ ಎಂದರೆ ಕೋಲಿನ ಮೇಲೆ ಕೊರೆದ ಕಚ್ಚು. ಎಣಿಸುವಾಗ ಇಪ್ಪತ್ತಕ್ಕೊಂದು ಕಚ್ಚು ಹಾಕುತ್ತಿದ್ದುದರಿಂದಲೋ ಏನೋ, ‘ಇಪ್ಪತ್ತು’ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತು. 1863ರಲ್ಲಿ ಅಬ್ರಹಾಂ ಲಿಂಕನ್ ಗೆಟಿಸ್‌ಬರ್ಗ್‌ನ ಭಾಷಣದ ಆರಂಭದಲ್ಲಿ 87 ವರ್ಷಗಳನ್ನು ಎಣಿಸಿದ್ದು ಈ ಇಪ್ಪತ್ತರ ಲೆಕ್ಕದಲ್ಲೇ.

ಅಕ್ಷರ ಬಲ್ಲವರು ಕಡಿಮೆ ಇದ್ದ ಕಾಲದಲ್ಲಿ ಕೋಲೇ ಖಾತೆ ಪುಸ್ತಕ. ಕಚ್ಚು ಕೊರೆದ ಮೇಲೆ ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೆ ಒಂದು ಹೋಳು, ಪಡೆದವನಿಗೆ ಇನ್ನೊಂದು. ಒಬ್ಬನೇ ಗುಟ್ಟಾಗಿ ಕಚ್ಚು ಹೆಚ್ಚಿಸಿದರೆ ಹೋಳುಗಳು ತಾಳೆಯಾಗುವುದಿಲ್ಲ! ಇಂಗ್ಲೆಂಡಿನ ಸರ್ಕಾರಿ ಖಜಾನೆಯೇ 1826ರವರೆಗೆ ಇಂಥ ಕೋಲುಗಳನ್ನು ಬಳಸಿತು. 1834ರ ಅಕ್ಟೋಬರ್ 16ರಂದು ಹಳೆಯ ಕೋಲುಗಳನ್ನು ಒಲೆಗೆ ಹಾಕಿ ಸುಡುವಾಗ ಬೆಂಕಿ ಹಬ್ಬಿ, ಲಂಡನ್ನಿನ ಪಾರ್ಲಿಮೆಂಟ್ ಭವನದ ಬಹುಭಾಗವೇ ಉರಿದುಹೋಯಿತು.

ಹೆಂಡದಂಗಡಿಯಲ್ಲಿ ಕೋಲಿನ ಜೊತೆಗೆ ಹಲಗೆಯ ಮೇಲೆ, ಬಾಗಿಲ ಮೇಲೆ ಸೀಮೆಸುಣ್ಣದ ಗೀರುಗಳೂ ಬಂದವು. ಒಂದು ಪಾತ್ರೆ ಕುಡಿದರೆ ಒಂದು ಗೀರು. ಗೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ನಿಜ. ಆದರೆ ಸೀಮೆಸುಣ್ಣ ಮಾತ್ರ ಅಂಗಡಿಯವನ ಕೈಯಲ್ಲಿ. ಹೀಗಾಗಿ ‘ಸ್ಕೋರ್’ ಎಂದರೆ ಬಾಕಿ ಎಂದಾಯಿತು. ಹಳೆಯ ಸ್ಕೋರ್ ತೀರಿಸುವುದು ಎಂದರೆ ಸೇಡು ತೀರಿಸಿಕೊಳ್ಳುವುದು ಎಂಬ ಅರ್ಥವೂ ಬೆಳೆಯಿತು. ‘ಆ ಸ್ಕೋರಿನ ಮೇಲೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ‘ಆ ಕಾರಣಕ್ಕೆ’ ಎಂದರ್ಥ.

ಷೇಕ್ಸ್‌ಪಿಯರನ ‘ಆರನೆಯ ಹೆನ್ರಿ’ ನಾಟಕದ ಎರಡನೆಯ ಭಾಗದಲ್ಲಿ ಬಂಡಾಯಗಾರ ಜ್ಯಾಕ್ ಕೇಡ್, ಶಾಲೆ ತೆರೆದನೆಂದು ಒಬ್ಬ ಪ್ರಭುವಿನ ಮೇಲೆ ಆರೋಪ ಹೊರಿಸುತ್ತಾನೆ. ನಮ್ಮ ಹಿರಿಯರಿಗೆ ಈ ಕಚ್ಚು, ಈ ಕೋಲು ಸಾಲದೆ ಹೋಗಿತ್ತೆ ಎಂಬುದು ಅವನ ತಕರಾರು. ಆ ಪ್ರಭುವಿನ ತಲೆಯೇ ಹೋಗುತ್ತದೆ. ಕೇಡನ ಮಾತಿಗೆ ನಗುವುದು ಸುಲಭ. ಆದರೆ ತನಗೆ ಓದಲಾಗದ ಲೆಕ್ಕವನ್ನು ಇನ್ನೊಬ್ಬ ಬರೆದಾಗ ಒಪ್ಪಿಕೊಳ್ಳಲೇಬೇಕಾದವನ ಭಯ ಆ ಮಾತಿನಲ್ಲಿದೆ ಎಂದು ನನಗೆ ತೋರುತ್ತದೆ.

ಇನ್ನು ಕ್ರಿಕೆಟ್. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಓಟಗಳನ್ನೂ ಕೋಲಿನ ಮೇಲೆಯೇ ಕೊರೆಯುತ್ತಿದ್ದರು. ಓಟಕ್ಕೆ ‘ಕಚ್ಚು’ ಎಂದೇ ಹೆಸರಿತ್ತು. ಅಂದಿನ ಸ್ಕೋರರ್ ಎಂದರೆ ಮೈದಾನದ ಅಂಚಿನಲ್ಲಿ ಚಾಕು ಹಿಡಿದು ಕುಳಿತವನು.