ಹಿಂದಿನ ಚಕ್ರದ ಸವೆತ



ಒಂದು ಕಾಲದಲ್ಲಿ ಪಾಳೆಯಗಾರರ ನೆಲೆಯಾಗಿದ್ದ ಉಮ್ಮತ್ತೂರಿನ ಸೀಮೆಯಲ್ಲಿ ಈಗ ಕ್ರೂಸರ್ ಎಂಬ ಭಾರಿ ಮೋಟಾರು ಬೈಕುಗಳೂ ಸಂಚರಿಸುತ್ತವೆ. ಇವುಗಳ ಹಿಂದಿನ ಟೈರು ಬೇಗನೆ ಸವೆಯುವುದೇಕೆಂಬುದನ್ನು ನಾವು ಈ ಹೊತ್ತು ವಿಚಾರಮಾಡೋಣ.

ಎಂಜಿನಿನ ಬಲವು ನೆಲವನ್ನು ಮುಟ್ಟುವುದು ಹಿಂದಿನ ಚಕ್ರದ ಮೂಲಕವೇ. ೨೦೨೦ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ ಬೈಕಿನ ತೂಕವೇ ೧೯೧ ಕಿಲೋಗ್ರಾಂ. ಅದರ ಮೇಲೆ ಹಿಂಬದಿಯ ಸವಾರರೂ ಗಂಟುಮೂಟೆಯೂ ಸೇರಿದರೆ, ಆ ಹೆಚ್ಚಿನ ಭಾರವನ್ನು ಬಹುಮಟ್ಟಿಗೆ ಹೊರತಕ್ಕದ್ದು ಆ ಚಕ್ರವೇ. ನೇರವಾದ ರಸ್ತೆಯಲ್ಲಿ ಟೈರಿನ ನಡುಭಾಗ ಮಾತ್ರ ನೆಲಕ್ಕೆ ಉಜ್ಜುವುದರಿಂದ, ದುಂಡಾದ ಅದರ ಮೈ ಚಪ್ಪಟೆಯಾಗುತ್ತದೆ. ಅಂಚುಗಳಾದರೋ ಹೊಸದರಂತೆಯೇ ಕಾಣುತ್ತವೆ. ಪಕ್ಕದಿಂದ ನೋಡಿದವರು ಮೋಸಹೋಗುವುದು ಇಲ್ಲಿಯೇ. ಗಾಳಿಯನ್ನು ಮಿತಿಮೀರಿ ತುಂಬಿದರೆ ಈ ನಡುಸವೆತವು ಮತ್ತಷ್ಟು ಹೆಚ್ಚುವುದು.

ಬಯಲಿನಲ್ಲಿ ಈ ದೋಷವು ಅಷ್ಟಾಗಿ ತಿಳಿಯದು. ಆದರೆ ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ ೨೭ ಕಡಿದಾದ ತಿರುವುಗಳುಂಟು. ಅಲ್ಲಿ ಚಪ್ಪಟೆಯಾದ ಟೈರು ಸಮನಾಗಿ ಬಾಗದೆ, ಅಂಚನ್ನು ದಾಟುವಾಗ ತಟ್ಟನೆ ವಾಲುವುದು. ಗೀರುಗಳಳಿದ ನಡುಭಾಗವು ಮಳೆನೀರನ್ನು ಹೊರದೂಡಲಾರದೆ, ಬ್ರೇಕು ಒತ್ತಿದೊಡನೆ ಜಾರುವ ಭಯವೂ ಇದೆ.

ದ್ವಿಚಕ್ರವಾಹನಗಳ ಟೈರಿನ ಗೀರಿಗೆ ಕನಿಷ್ಠ ೦.೮ ಮಿಲಿಮೀಟರು ಆಳವಿರಬೇಕೆಂದು ನಮ್ಮ ದೇಶದ ನಿಯಮವು ವಿಧಿಸುತ್ತದೆ. ಗೀರಿನ ತಳದಲ್ಲಿರುವ ಸಣ್ಣ ಉಬ್ಬಿನ ಮಟ್ಟಕ್ಕೆ ಟೈರು ಸವೆದರೆ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯತಕ್ಕದ್ದು. ಆದಕಾರಣ ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ, ಗಾಳಿಯನ್ನು ಅಳೆಯಿಸಿ ನಡುಗೀರನ್ನು ನೋಡುವುದು ಉಚಿತ. ಇನ್ನೂ ಕೆಲವು ಮೈಲಿ ಓಡೀತೆಂಬ ಉಳಿತಾಯದ ಆಸೆಗೆ ಬೆಲೆ ತೆರಬೇಕಾದವರಲ್ಲಿ, ನಮ್ಮನ್ನೇ ನಂಬಿ ಹಿಂದೆ ಕುಳಿತವರೂ ಸೇರಿರುತ್ತಾರೆ.