ಸುದ್ದಿಗೂ ಒಂದು ಒಡ್ಡು ಇರಲಿ



ಘಟಪ್ರಭಾ ಕಾಲುವೆಯ ನೀರಿನಿಂದ ಗೋಕಾಕ, ಮೂಡಲಗಿ ಭಾಗದಲ್ಲಿ ಕಬ್ಬು, ಗೋವಿನಜೋಳ, ಅರಿಷಿಣ ಹುಲುಸಾಗಿ ಬೆಳೆದವು. ಆದರೆ ಎರೆಭೂಮಿಗೆ ಲೆಕ್ಕವಿಲ್ಲದೆ ನೀರು ಹಾಯಿಸಿ, ಬಸಿಗಾಲುವೆ ತೆಗೆಯದೆ ಬಿಟ್ಟಲ್ಲಿ ನೆಲ ಸವಳು-ಜವಳಾಯಿತು. ತಪ್ಪು ನೀರಿನದಲ್ಲ, ಬಿಟ್ಟ ರೀತಿಯದು.

ಸುದ್ದಿಯ ಮಾತೂ ಹೀಗೆಯೇ. ಇಂದು ರೈತನ ಮೊಬೈಲಿಗೆ ಬೆಳಗಾಗುವುದರೊಳಗೆ ಹತ್ತಾರು ಸಲಹೆಗಳು ಬಂದು ಬೀಳುತ್ತವೆ. ಎಲ್ಲವನ್ನೂ ನೋಡುತ್ತ ಕುಳಿತವನಿಗೆ ಹೊಲ ನೋಡಲು ಹೊತ್ತು ಉಳಿಯದು. ಎಲ್ಲವನ್ನೂ ನಂಬಿದವನಿಗೆ ಕೈಯಲ್ಲಿ ಹಣ ಉಳಿಯದು.

ಒಂದು ಉದಾಹರಣೆ ನೋಡಬಹುದು. 2002ರಲ್ಲಿ ಸಾಂಗಲಿ ಜಿಲ್ಲೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದಿತು. ಅದು ಗಡಿ ದಾಟಿ ಬೆಳಗಾವಿ ಜಿಲ್ಲೆಗೂ ಹಬ್ಬಿತು. ಎಲೆಯ ಕೆಳಮೈಗೆ ಹತ್ತಿ ರಸ ಹೀರುವ ಈ ಹೇನಿನ ಅಂಟು ದ್ರವ ಕೆಳಗಿನ ಎಲೆಗಳ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಇದನ್ನು ಕಂಡು ಗಾಬರಿಯಾಗುವುದು ಸಹಜ. ಆದರೆ ಆಳೆತ್ತರ ಮೀರಿದ ಕಬ್ಬಿನಲ್ಲಿ ಎಲೆಯ ಕೆಳಗೆ ಔಷಧಿ ತಲುಪಿಸುವುದು ಕಷ್ಟ. ಮೇಲಾಗಿ ಹೇನನ್ನು ತಿನ್ನುವ ಡೈಫಾ ಹುಳು, ಮೈಕ್ರೊಮಸ್ ಕೀಟಗಳು ಅದೇ ಎಲೆಯ ಮೇಲೆ ಇರುತ್ತವೆ. ಯಾರೋ ಹೇಳಿದರೆಂದು ತೀಕ್ಷ್ಣ ಕೀಟನಾಶಕ ಹೊಡೆದರೆ ಸಾಯುವುದು ರೈತನ ಮಿತ್ರರೇ. ಮಿತ್ರಕೀಟಗಳನ್ನು ಉಳಿಸಿ, ಬೆಳೆಸಿ ಬಿಡುವ ಕ್ರಮವೇ ಮುಂದೆ ಈ ಪೀಡೆಯ ಹತೋಟಿಗೆ ಆಧಾರವಾಯಿತು.

ಹಾಗಾದರೆ ಸಲಹೆಯನ್ನು ಆರಿಸಿಕೊಳ್ಳುವುದು ಹೇಗೆ?

1. ಹೇಳಿದವರು ಯಾರೆಂದು ತಿಳಿಯಬೇಕು. ಔಷಧಿ ಮಾರುವವರೇ ಸಲಹೆ ಕೊಟ್ಟರೆ ಇನ್ನೊಬ್ಬರನ್ನೂ ಕೇಳುವುದು ಲೇಸು.

2. ಯಾವ ಮಣ್ಣಿಗೆ, ಯಾವ ಹಂಗಾಮಿಗೆ, ಬೆಳೆಯ ಯಾವ ಹಂತಕ್ಕೆ ಹೇಳಿದ್ದು ಎಂಬುದನ್ನು ನೋಡಬೇಕು.

3. ಲೀಟರಿಗೆ ಎಷ್ಟು, ಎಕರೆಗೆ ಎಷ್ಟು ಎಂಬ ಸ್ಪಷ್ಟ ಪ್ರಮಾಣವಿಲ್ಲದ ಸಲಹೆಯನ್ನು ಕೈಬಿಡಬೇಕು.

4. ಹೊಸ ತಳಿ, ಹೊಸ ಗೊಬ್ಬರಗಳನ್ನು ಮೊದಲು ಒಂದೆರಡು ಗುಂಟೆಯಲ್ಲಿ ಮಾಡಿ ನೋಡಿ, ಫಲಿತಾಂಶವನ್ನು ವಹಿಯಲ್ಲಿ ಬರೆದಿಡಬೇಕು.

ಸುದ್ದಿಯೇ ಬೇಡವೆಂದು ಕಿವಿ ಮುಚ್ಚಿಕೊಳ್ಳುವುದೂ ಸರಿಯಲ್ಲ. ಹೊಸ ಪೀಡೆಯ ವಿಷಯ ತಡವಾಗಿ ತಿಳಿದರೆ ಬೆಳೆ ಕೈಬಿಡುತ್ತದೆ. ಮುಂಜಾನೆ ಹೊಲ ಸುತ್ತಿ ಬಂದು, ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು ಹವಾಮಾನ, ಪೇಟೆ ಧಾರಣೆ, ಬೆಳೆಯ ಸಲಹೆಗಳನ್ನು ತಿಳಿದರೆ ಸಾಕು. ಸಂಶಯ ಬಂದಾಗ ರೋಗ ಬಿದ್ದ ಎಲೆಯನ್ನೇ ತೆಗೆದುಕೊಂಡು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಹೋಗಬಹುದು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಫೋನು ಮಾಡಲು ಖರ್ಚಿಲ್ಲ. ಪಂಪಿಗೆ ಔಷಧಿ ಸುರಿಯುವ ಮೊದಲು ಇಷ್ಟು ವಿಚಾರಿಸಿದರೆ ಹಣವೂ ಉಳಿದೀತು, ಬೆಳೆಯೂ ಉಳಿದೀತು.