‘ಡ್ಯಾಂಕ್’ ಮತ್ತು ನಮ್ಮ ತಂಪು

ಇಂಗ್ಲಿಷಿನಲ್ಲಿ ‘ಡ್ಯಾಂಕ್’ ಎಂಬುದೊಂದು ಚಿಕ್ಕ ವಿಶೇಷಣವಿದೆ. ನೆಲಮಾಳಿಗೆ, ಗುಹೆ, ಹಳೆಯ ಸೆರೆಮನೆ ಇವುಗಳ ವರ್ಣನೆಯಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ. ‘ತಣ್ಣಗೂ ತೇವವಾಗಿಯೂ ಇರುವ’ ಎಂದು ಅದರ ಅರ್ಥವನ್ನು ಹೇಳಿಬಿಡಬಹುದು. ಆದರೆ ಇಷ್ಟನ್ನೇ ನೆಚ್ಚಿ ಕನ್ನಡಿಸಹೊರಟರೆ ಮೂಲದ ಅಸಹ್ಯವು ಕನ್ನಡದಲ್ಲಿ ಆಹ್ಲಾದವಾಗಿ ಮಾರ್ಪಡುವ ಅಪಾಯವಿದೆ.

ವಿಜಯಪುರದವನಾಗಿ ನಾನು ಈ ಮಾತನ್ನು ಹೇಳುತ್ತಿದ್ದೇನೆ. ನಮ್ಮಲ್ಲಿ ವರುಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ವೈಶಾಖದ ಮಧ್ಯಾಹ್ನ ಸೊಲ್ಲಾಪುರ ರಸ್ತೆಯಲ್ಲಿ ಒಂದು ಫರ್ಲಾಂಗು ನಡೆದವನಿಗೆ ‘ತಣ್ಣಗೆ’ ಎಂಬ ಮಾತು ಕಿವಿಗೆ ಬಿದ್ದರೂ ಜೀವ ಬಂದಂತಾಗುತ್ತದೆ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂಬುದು ನಮ್ಮ ಹಿರಿಯರ ಹರಕೆ. ಹಿಂಗಾರಿ ಜೋಳ ಬೆಳೆಯುವುದು ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಆದಿಲಶಾಹಿ ಅರಸರು ತೊರವಿಯ ಕಡೆಯಿಂದ ನೆಲದಡಿಯ ಸುರಂಗಗಳಲ್ಲಿ ಊರಿಗೆ ನೀರು ತಂದರು. ಕತ್ತಲೆ, ತೇವ, ಶೀತ ಮೂರೂ ಕೂಡಿದ ಅಂಥ ಸುರಂಗವನ್ನು ಇಂಗ್ಲಿಷ್ ಲೇಖಕನೊಬ್ಬ ‘ಡ್ಯಾಂಕ್’ ಎಂದಾನು. ನಮ್ಮವರು ‘ಎಷ್ಟ್ ತಂಪ ಐತಿ!’ ಎಂದಾರು.

ಇಂಗ್ಲಿಷಿನಲ್ಲಿ ತೇವಕ್ಕೆ ಶಬ್ದಗಳು ಹಲವು. ‘ಮಾಯಿಸ್ಟ್’ ಎಂದರೆ ಬಹುಮಟ್ಟಿಗೆ ಹಿತವಾದ ಪಸೆ. ‘ಡ್ಯಾಂಪ್’ ಎಂದರೆ ಪೂರ್ತಿ ಒಣಗದ ಬಟ್ಟೆಯ ತೇವ. ‘ಹ್ಯೂಮಿಡ್’ ಹವೆಗೆ ಸೇರಿದ್ದು. ಮಂಗಳೂರಿನ ಸೆಕೆಯನ್ನು ನೆನೆಯಿರಿ. ‘ಕ್ಲ್ಯಾಮಿ’ ಮೈಗಂಟುವ ತಣ್ಣನೆಯ ಜಿಗುಟು. ‘ಡ್ಯಾಂಕ್’ನಲ್ಲಿ ಚಳಿಯೂ ತೇವವೂ ಇರುವುದಲ್ಲದೆ, ಗಾಳಿಬೆಳಕು ಕಾಣದ ಸ್ಥಳದ ಮುಗ್ಗಲು ವಾಸನೆಯೂ ಸೂಚಿತವಾಗುತ್ತದೆ. ಸ್ಕ್ಯಾಂಡಿನೇವಿಯದ ಭಾಷೆಗಳಿಂದ ಬಂದಿರಬಹುದೆನ್ನಲಾದ ಈ ಶಬ್ದ ಮೊದಲಲ್ಲಿ ಇಬ್ಬನಿಯ ತೇವಕ್ಕೂ ಸಲ್ಲುತ್ತಿತ್ತು. ಕಾಲಾಂತರದಲ್ಲಿ ಅಹಿತವಾದ ತೇವಕ್ಕೇ ಮೀಸಲಾಯಿತು. ಈಚಿನ ತರುಣರು ಇದನ್ನೇ ಮೆಚ್ಚುಗೆಯ ಮಾತಾಗಿ ಆಡುವುದೂ ಉಂಟು. ಶಬ್ದಗಳ ಹಣೆಬರಹ ವಿಚಿತ್ರ!

ಈಗ ಒಂದು ಕಾದಂಬರಿಯಲ್ಲಿ ಕೈದಿಯೊಬ್ಬನನ್ನು ‘ಡ್ಯಾಂಕ್’ ಕೋಣೆಯೊಂದರಲ್ಲಿ ಕೂಡಿಹಾಕಿದ್ದಾರೆನ್ನಿ. ಅದನ್ನು ‘ತಣ್ಣನೆಯ ತೇವದ ಕೋಣೆ’ ಎಂದು ಕನ್ನಡಿಸಿದರೆ ಬಿಸಿಲುನಾಡಿನ ಓದುಗ ಅವನಿಗಾಗಿ ಮರುಗುವ ಬದಲು ಅಸೂಯೆಪಟ್ಟಾನು. ಯಾತನೆ ದಾಟಿ ಬರದಿದ್ದರೆ ಅನುವಾದ ಬಂದಂತಾಯಿತೆ?

ಹಾಗೆಂದು ನಮ್ಮ ನುಡಿ ಬಡವೆಯಲ್ಲ. ಜೋಳ ತುಂಬಿಡಲು ನೆಲದಲ್ಲಿ ತೋಡುವ ಹಗೇವನ್ನು ಬಲ್ಲವರಿಗೆ ಕೇಡಿನ ತೇವವೂ ಗೊತ್ತು. ಒಳಗೆ ನೀರು ಜಿನುಗಿದರೆ ಕಾಳು ಮುಗ್ಗುತ್ತದೆ. ಬಾಯಿ ತೆರೆದೊಡನೆ ಅದರೊಳಗೆ ಇಳಿಯುವಂತಿಲ್ಲ. ಕೆಟ್ಟ ಗಾಳಿ ಪ್ರಾಣಕ್ಕೇ ಎರವಾದೀತು. ಹೊಲದಲ್ಲಿ ಅನ್ನವಾಗುವ ಹಸಿ ಹಗೇವಿನಲ್ಲಿ ಅನಿಷ್ಟವಾಗುತ್ತದೆ. ಹಾಗೆಯೇ ‘ತಂಪಾಯಿತು’ ಎಂದರೆ ಸುಖ. ‘ಥಂಡಿ ಹಿಡಿಯಿತು’ ಎಂದರೆ ಕಷಾಯಕ್ಕೆ ನೀರಿಡಬೇಕು!

ಆದ್ದರಿಂದ ‘ಡ್ಯಾಂಕ್’ಗೆ ಒಂದೇ ಸಮಾನಪದವನ್ನು ಹುಡುಕುವ ಹಟ ಬೇಡವೆಂಬುದು ನನ್ನ ಸೂಚನೆ. ಗೋಡೆಯಾದರೆ ‘ಹಸಿಯೇರಿದ ಗೋಡೆ’, ನೆಲಮಾಳಿಗೆಯಾದರೆ ‘ಮುಗ್ಗು ಹಿಡಿದ ನೆಲಮಾಳಿಗೆ’, ಸೆರೆಮನೆಯಾದರೆ ‘ಥಂಡಿಗಟ್ಟಿದ ಕತ್ತಲೆಕೋಣೆ’ ಎನ್ನಬಹುದು. ನಿಘಂಟು ಶಬ್ದದ ಅರ್ಥವನ್ನು ಕೊಡುತ್ತದೆ. ಆ ಶಬ್ದ ಮೈಗೆ ಹಿತವೋ ಅಹಿತವೋ ಎಂಬುದನ್ನು ನಮ್ಮ ಹೊಲ, ಹಗೇವು, ಅಡುಗೆಮನೆಗಳ ಮಾತಿನಲ್ಲಿ ಕೇಳಿ ತಿಳಿಯಬೇಕು.